ನಲ್ಲಿಯಲ್ಲಿ ಫೋರ್ಸ್ ಇಲ್ಲ ಅಂತ ದೊಡ್ಡ ಟ್ಯಾಂಕ್ ತರಬೇಡಿ

ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನಮ್ಮದು ಪೈಪು, ನಲ್ಲಿ, ಸ್ಯಾನಿಟರಿ ಸಾಮಾನಿನ ಅಂಗಡಿ. ಮಾವ ಶುರು ಮಾಡಿದ್ದು. ಈಗ ಕೌಂಟರಿನಲ್ಲಿ ಜಾಸ್ತಿ ಹೊತ್ತು ಕೂರುವುದು ನಾನೇ. ಪ್ಲಂಬರ್‌ಗಳು ಚೀಟಿ ಹಿಡಿದು ಬರುತ್ತಾರೆ, ಬೇಕಾದ್ದು ತೆಗೆದುಕೊಂಡು ಹೋಗುತ್ತಾರೆ. ಮನೆಯವರು ಹಾಗಲ್ಲ. ಬರುವಾಗಲೇ ಒಂದು ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. "ಅಕ್ಕಾ, ಸಾವಿರ ಲೀಟರ್ ಟ್ಯಾಂಕ್ ಕೊಡಿ, ಶವರ್‌ನಲ್ಲಿ ಫೋರ್ಸೇ ಇಲ್ಲ." "ಮೇಡಂ, ಸ್ಟ್ರಾಂಗ್ ಆಸಿಡ್ ಇದೆಯಾ? ಸಿಂಕ್ ಕಟ್ಟಿಕೊಂಡಿದೆ." "ಗೀಸರ್ ಕೆಳಗೆ ತೊಟ್ಟಿಕ್ಕುತ್ತಿದೆ, ಮುಚ್ಚೋಕೆ ಒಂದು ಪ್ಲಗ್ ಕೊಡಿ."

ಕೇಳಿದ್ದನ್ನು ಕೊಟ್ಟು ಕಳಿಸುವುದು ನನ್ನಿಂದ ಆಗುವುದಿಲ್ಲ. ಆ ಸಾಮಾನಿನಿಂದ ಅವರ ತೊಂದರೆ ಹೋಗುವುದಿಲ್ಲ ಅಂತ ಗೊತ್ತಿರುತ್ತದೆ. ಕೆಲವು ಸಲ ಜೀವಕ್ಕೇ ಅಪಾಯ ಅಂತಲೂ ಗೊತ್ತಿರುತ್ತದೆ. ಕೌಂಟರಿನಲ್ಲಿ ನಿಂತು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನೀರಿನ ದಾರಿ ತಿಳಿದುಕೊಳ್ಳಿ

ಮೊಬೈಲಿನಲ್ಲಿ ನೋಡುವ ಹೊರದೇಶದ ವಿಡಿಯೋಗಳಲ್ಲಿ ನೀರು ರಸ್ತೆಯ ಪೈಪಿನಿಂದ ನೇರವಾಗಿ ನಲ್ಲಿಗೆ ಬರುತ್ತದೆ. ಇಡೀ ದಿನ, ಒಂದೇ ಪ್ರೆಷರ್‌ನಲ್ಲಿ. ನಮ್ಮ ಊರಿನ ಕಥೆ ಬೇರೆ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಕಡೆ ಪಂಪ್ ಮಾಡಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. 1974ರಲ್ಲಿ ಮೊದಲ ಹಂತ ಶುರುವಾಯಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಬಂತು. ಆದರೂ ಬಹಳ ಬಡಾವಣೆಗಳಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಕೆಲವು ಗಂಟೆ ಮಾತ್ರ. ಅದಕ್ಕೇ ನಮಗೆ ಸಂಪು ಬೇಕು, ಮೋಟಾರ್ ಬೇಕು, ಮಹಡಿ ಮೇಲೆ ಟ್ಯಾಂಕ್ ಬೇಕು.

ಅಂದರೆ ದಾರಿ ಹೀಗೆ: ರಸ್ತೆ ಪೈಪು, ಮೀಟರ್, ಸಂಪು, ಮೋಟಾರ್, ಟ್ಯಾಂಕ್, ಆಮೇಲೆ ನಲ್ಲಿ. ಸಂಪಿಗೆ ಬಿದ್ದ ಕ್ಷಣದಲ್ಲೇ ಜಲಮಂಡಳಿಯ ಪ್ರೆಷರ್ ಮುಗಿಯಿತು. ಆಮೇಲೆ ನಲ್ಲಿಯಲ್ಲಿ ಬರುವ ಫೋರ್ಸ್ ಎಲ್ಲ ನಿಮ್ಮ ಟ್ಯಾಂಕಿನ ಎತ್ತರದ್ದು. ಇದೊಂದು ತಲೆಯಲ್ಲಿದ್ದರೆ ಅರ್ಧ ತಪ್ಪು ಕಲ್ಪನೆಗಳು ಅಲ್ಲೇ ಬಿದ್ದುಹೋಗುತ್ತವೆ.

ಒಂದು ಭಾನುವಾರ ಮನೆಯಲ್ಲಿರುವ ಎಲ್ಲ ವಾಲ್ವ್‌ಗಳನ್ನು ಹುಡುಕಿ. ಯಾವುದನ್ನು ತಿರುಗಿಸಿದರೆ ಯಾವ ನಲ್ಲಿ ನಿಲ್ಲುತ್ತದೆ ನೋಡಿ. ಪೇಂಟಿನಲ್ಲಿ ಪಕ್ಕದಲ್ಲೇ ಬರೆದಿಡಿ: ಅಡುಗೆಮನೆ, ಕೆಳಗಿನ ಬಾತ್‌ರೂಮ್, ಸೋಲಾರ್. ಹಳೇ ಮನೆಗಳಲ್ಲಿ ಹಿತ್ತಾಳೆಯ ಗೇಟ್ ವಾಲ್ವ್ ಇರುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಅದು ಬಿಗಿದುಕೊಂಡು ಕೂರುತ್ತದೆ. ಪೈಪ್ ಒಡೆದ ದಿನ ಅದು ಮುಚ್ಚುವುದೇ ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ, ಪೂರ್ತಿ ತೆಗೆದು, ಒಂದು ಚೂರು ವಾಪಸ್ ತಿರುಗಿಸಿ ಬಿಡಿ.

ಫೋರ್ಸ್ ಮತ್ತು ಟ್ಯಾಂಕ್

500 ಲೀಟರ್ ಟ್ಯಾಂಕ್ ತೆಗೆದು 1000 ಲೀಟರ್ ಹಾಕಿದರೆ ಫೋರ್ಸ್ ಜಾಸ್ತಿ ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಪ್ರೆಷರ್ ಬರುವುದು ನೀರು ಎಷ್ಟು ಎತ್ತರದಲ್ಲಿ ನಿಂತಿದೆ ಅನ್ನುವುದರಿಂದ. ಎಷ್ಟು ನೀರಿದೆ ಅನ್ನುವುದರಿಂದ ಅಲ್ಲ. ಲೆಕ್ಕ ಸುಲಭ. 10 ಮೀಟರ್ ಎತ್ತರದ ನೀರು ಸುಮಾರು ಒಂದು ಕೆ.ಜಿ. ಪ್ರೆಷರ್ ಕೊಡುತ್ತದೆ. ಪ್ಲಂಬರ್‌ಗಳು ಒಂದು ಕೆ.ಜಿ. ಅನ್ನುವುದು ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಒಂದು ಕೆ.ಜಿ. ಭಾರವನ್ನು. ಒಂದು ಮಹಡಿ ಅಂದರೆ ಸುಮಾರು 10 ಅಡಿ, ಅಂದರೆ 0.3 ಕೆ.ಜಿ.

ಈಗ ನಿಮ್ಮ ಮೇಲಿನ ಮಹಡಿಯ ಬಾತ್‌ರೂಮ್ ನೋಡಿ. ಶವರ್ ನೆಲದಿಂದ ಏಳು ಅಡಿ ಮೇಲಿದೆ. ತಾರಸಿ ಹತ್ತು ಅಡಿಗೆ. ಟ್ಯಾಂಕ್ ಮೂರು ಅಡಿ ಕಟ್ಟೆಯ ಮೇಲೆ ಇದೆ. ಶವರ್‌ಗೂ ಟ್ಯಾಂಕಿನ ತಳಕ್ಕೂ ಬರೀ ಆರು ಅಡಿ ಅಂತರ. 0.2 ಕೆ.ಜಿ.ಯೂ ಸಿಗುವುದಿಲ್ಲ. ಅದರಲ್ಲಿ ದೊಡ್ಡ ತಟ್ಟೆಯಂಥ ರೇನ್ ಶವರ್ ಹಾಕಿದರೆ ನೀರು ಸುಮ್ನೆ ತೊಟ್ಟಿಕ್ಕುತ್ತದೆ. ಶವರ್ ಕೆಟ್ಟಿಲ್ಲ. ಅದು ಕೇಳುವ ಪ್ರೆಷರ್ ಅಲ್ಲಿ ಇಲ್ಲ, ಅಷ್ಟೆ. ಅದೇ ಟ್ಯಾಂಕಿನಿಂದ ಕೆಳಗಿನ ಮನೆಯಲ್ಲಿ ಬಕೆಟ್ ಬೇಗ ತುಂಬುವುದು ಇದಕ್ಕೇ.

ಟ್ಯಾಂಕ್ ಎತ್ತರಿಸಿದರೆ ಉಪಯೋಗ ಉಂಟು. ಐದು ಅಡಿ ಎತ್ತರಿಸಿದರೆ ಮೇಲಿನ ಮಹಡಿಯಲ್ಲಿ ಗೊತ್ತಾಗುವಷ್ಟು ಬದಲಾವಣೆ ಬರುತ್ತದೆ. ಆದರೆ ಸಾವಿರ ಲೀಟರ್ ಅಂದರೆ ಒಂದು ಟನ್ ಭಾರ. ಸ್ಟ್ಯಾಂಡ್ ಎಲ್ಲಿ ನಿಲ್ಲಿಸಬೇಕು ಅಂತ ಮನೆ ಕಟ್ಟಿದ ಇಂಜಿನಿಯರನ್ನು ಕೇಳಿ. ತೊಲೆ, ಗೋಡೆಯ ಮೇಲೆ ಬರಬೇಕು. ಸ್ಲ್ಯಾಬಿನ ನಡುವೆ ಬರಬಾರದು.

ಆದರೆ ಅದಕ್ಕೂ ಮೊದಲು ಹುಡುಕಬೇಕಾದ್ದು ಬೇರೆ ಇದೆ. "ನಿನ್ನೆ ಮೊನ್ನೆವರೆಗೂ ಚೆನ್ನಾಗಿ ಬರ್ತಿತ್ತು, ಈಗ ಬರ್ತಿಲ್ಲ" ಅನ್ನುವವರಿಗೆ ಎತ್ತರದ ಸಮಸ್ಯೆ ಅಲ್ಲವೇ ಅಲ್ಲ. ಎತ್ತರ ರಾತ್ರೋರಾತ್ರಿ ಕಡಿಮೆ ಆಗುವುದಿಲ್ಲ ಅಲ್ವಾ? ಎಲ್ಲೋ ಕಟ್ಟಿಕೊಂಡಿದೆ.

ಹುಡುಕುವ ಕ್ರಮ ಇದು. ಒಂದೇ ನಲ್ಲಿಯಲ್ಲಿ ಕಡಿಮೆಯೋ, ಎಲ್ಲದರಲ್ಲೂ ಕಡಿಮೆಯೋ ನೋಡಿ. ಒಂದೇ ಆದರೆ ನಲ್ಲಿಯ ಬಾಯಲ್ಲಿರುವ ಏರೇಟರ್ ಬಿಚ್ಚಿ. ಸಣ್ಣ ಜಾಲರಿ ಅದು. ಬೋರ್‌ವೆಲ್ ನೀರಿರುವ ಮನೆಗಳಲ್ಲಿ ಬಿಳಿ ಉಪ್ಪು, ಮರಳು, ಪೈಪಿನ ಚೂರು ಎಲ್ಲ ಅಲ್ಲಿ ಸೇರಿಕೊಂಡಿರುತ್ತದೆ. ಬಿಸಿ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ, ಅದರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಶವರ್‌ಗೂ ಇದೇ ಮದ್ದು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ಆಫೀಸುಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಆಗ ಹಾಕಿಸಿದವರಲ್ಲಿ ಎಷ್ಟೋ ಜನರಿಗೆ ಅದನ್ನು ಬಿಚ್ಚಿ ತೊಳೆಯಬೇಕು ಅಂತ ಯಾರೂ ಹೇಳಲೇ ಇಲ್ಲ. ಫೋರ್ಸ್ ಕಡಿಮೆ ಆದ ಕೂಡಲೇ ಕಿತ್ತು ಎಸೆದರು. ಎಸೆಯಬೇಡಿ, ತೊಳೆಯಿರಿ.

ಏರೇಟರ್ ಸರಿ ಇದ್ದರೆ ಬೇಸಿನ್ ಕೆಳಗೆ ಗೋಡೆಯಲ್ಲಿರುವ ಸಣ್ಣ ವಾಲ್ವ್, ಅಂದರೆ ಆ್ಯಂಗಲ್ ಕಾಕ್ ನೋಡಿ. ಯಾರೋ ಅರ್ಧ ಮುಚ್ಚಿರುತ್ತಾರೆ. ಬಿಸಿನೀರು ಮಾತ್ರ ಕಡಿಮೆ ಬಂದರೆ ಗೀಸರ್‌ಗೆ ಹೋಗುವ ವಾಲ್ವ್ ಅಥವಾ ಒಳಗಿನ ಉಪ್ಪು ಕಾರಣ. ಟ್ಯಾಂಕ್ ತೊಳೆಸಿದ ಮೇಲೆ ಒಂದು ಬಾತ್‌ರೂಮಿಗೆ ನೀರೇ ಇಲ್ಲ ಅಂದರೆ ಪೈಪಿನಲ್ಲಿ ಗಾಳಿ ನಿಂತಿದೆ. ಟ್ಯಾಂಕ್ ಪೂರ್ತಿ ತುಂಬಿಸಿ. ಮನೆಯ ಅತಿ ಕೆಳಗಿನ ನಲ್ಲಿಯನ್ನು ಪೂರ್ತಿ ತೆಗೆಯಿರಿ. ಆಮೇಲೆ ಒಂದೊಂದಾಗಿ ಮೇಲಿನವನ್ನು ತೆಗೆಯುತ್ತಾ ಬನ್ನಿ. ಬುಸ್ ಬುಸ್ ಅಂತ ಗಾಳಿ ಹೋಗಿ ನೀರು ಬರುತ್ತದೆ. ಪ್ರತಿ ಸಲ ಇದೇ ಗೋಳು ಆದರೆ ಟ್ಯಾಂಕಿನಿಂದ ಇಳಿಯುವ ಪೈಪಿಗೆ, ವಾಲ್ವ್ ಆದ ಮೇಲೆ, ಟ್ಯಾಂಕಿಗಿಂತ ಎತ್ತರಕ್ಕೆ ಒಂದು ಏರ್ ಪೈಪ್ ನಿಲ್ಲಿಸಲು ಪ್ಲಂಬರ್‌ಗೆ ಹೇಳಿ.

ಹಳೇ ಮನೆಯ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಆದರೆ ಮಾತು ಬೇರೆ. ಒಳಗಡೆ ತುಕ್ಕು, ಉಪ್ಪು ಕಟ್ಟಿ ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ಹೋಗುವಷ್ಟು ಮಾತ್ರ ಜಾಗ ಉಳಿದಿರುತ್ತದೆ. ಅದಕ್ಕೆ ಪ್ರೆಷರ್ ಪಂಪ್ ಕೂರಿಸಿದರೆ ಸವೆದ ಕಡೆ ಒಡೆದು ಗೋಡೆ ಒದ್ದೆಯಾಗುತ್ತದೆ. ಮೊದಲು ಪೈಪ್ ಬದಲಿಸಿ. ಆಮೇಲೂ ಫೋರ್ಸ್ ಸಾಲದಿದ್ದರೆ ಪಂಪಿನ ಮಾತು.

ಇನ್ನು ಕೆಲವರು ರಸ್ತೆಯ ಕಾವೇರಿ ಪೈಪಿಗೇ ನೇರವಾಗಿ ಮೋಟಾರ್ ಹಾಕಿ ಎಳೆಯುತ್ತಾರೆ. ದಯವಿಟ್ಟು ಬೇಡ. ಜಲಮಂಡಳಿ ಇದನ್ನು ಒಪ್ಪುವುದಿಲ್ಲ, ಸಿಕ್ಕಿದರೆ ಮೋಟಾರ್ ಜಪ್ತಿ ಮಾಡುತ್ತದೆ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಮೋಟಾರ್ ಎಳೆದಾಗ ಪೈಪಿನ ಒಳಗೆ ಪ್ರೆಷರ್ ಇಳಿದು, ಸೋರುವ ಜಾಯಿಂಟಿನಿಂದ ಹೊರಗಿನ ಕೊಳಕು ಒಳಗೆ ಬರುತ್ತದೆ. ಪಕ್ಕದಲ್ಲೇ ಒಳಚರಂಡಿ ಇದ್ದರೆ ಏನು ಬರುತ್ತದೆ ಅಂತ ಯೋಚಿಸಿ. ಆ ನೀರು ನಿಮ್ಮ ಮನೆಗೂ ಬರುತ್ತದೆ, ಮುಂದಿನ ಮನೆಯ ಮಕ್ಕಳಿಗೂ ಹೋಗುತ್ತದೆ.

ಮೀಟರ್ ನೋಡಿದರೆ ಲೀಕ್ ಗೊತ್ತಾಗುವುದಿಲ್ಲ

"ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೀಟರ್ ಬರೆದಿಟ್ಟುಕೊಂಡು ಬೆಳಗ್ಗೆ ನೋಡಿ" ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಇದು ನಡೆಯುವುದಿಲ್ಲ. ಮೀಟರ್ ಇರುವುದು ಸಂಪಿನ ಮುಂಚೆ. ರಾತ್ರಿ ಕಾವೇರಿ ಬರದಿದ್ದರೆ ಮುಳ್ಳು ತಿರುಗುವುದೇ ಇಲ್ಲ. ಒಳಗೆ ಸಂಪು ಸೋರುತ್ತಿರಬಹುದು, ಟ್ಯಾಂಕ್ ಸೋರುತ್ತಿರಬಹುದು, ಮೀಟರ್‌ಗೆ ಅದರ ಸುಳಿವೇ ಇಲ್ಲ.

ನೀವು ಮಾಡಬೇಕಾದ್ದು ಹೀಗೆ. ಕಾವೇರಿ ಬಾರದ ದಿನ, ಮಲಗುವ ಮುಂಚೆ ಟ್ಯಾಂಕ್ ತುಂಬಿಸಿ, ಮೋಟಾರ್ ಆಫ್ ಮಾಡಿ. ಟ್ಯಾಂಕಿನಿಂದ ಕೆಳಗೆ ಇಳಿಯುವ ವಾಲ್ವ್ ಮುಚ್ಚಿ. ಸಂಪಿಗೆ ಒಂದು ಉದ್ದ ಕೋಲು ಇಳಿಸಿ, ನೀರು ಮುಟ್ಟಿದ ಕಡೆ ಗುರುತು ಮಾಡಿ. ಟ್ಯಾಂಕಿನಲ್ಲೂ ಹಾಗೇ ಮಾಡಿ. ಬೆಳಗ್ಗೆ ಮತ್ತೆ ನೋಡಿ. ಸಂಪು ಇಳಿದಿದ್ದರೆ ಸಂಪು ಸೋರುತ್ತಿದೆ. ಟ್ಯಾಂಕ್ ಇಳಿದಿದ್ದರೆ ಟ್ಯಾಂಕೋ ವಾಲ್ವೋ ಸೋರುತ್ತಿದೆ. ಎರಡೂ ಇಳಿಯದಿದ್ದರೆ ಮಾರನೇ ರಾತ್ರಿ ಇಳಿಯುವ ವಾಲ್ವ್ ತೆಗೆದಿಟ್ಟು, ಯಾರೂ ನೀರು ಬಳಸದೆ, ಇನ್ನೊಮ್ಮೆ ನೋಡಿ. ಈಗ ಟ್ಯಾಂಕ್ ಇಳಿದರೆ ತೊಂದರೆ ಮನೆಯೊಳಗಿನ ಪೈಪು, ನಲ್ಲಿ, ಇಲ್ಲವೇ ಫ್ಲಶ್‌ನಲ್ಲಿದೆ.

ಮಳೆ ಬಂದ ಮೇಲೆ ಸಂಪಿನ ನೀರು ತಾನಾಗೇ ಏರಿದರೆ ಖುಷಿಪಡಬೇಡಿ. ಹೊರಗಿನ ನೀರು ಬಿರುಕಿನಿಂದ ಒಳಗೆ ಬರುತ್ತಿದೆ. ಒಳಚರಂಡಿ ಚೇಂಬರ್ ಹತ್ತಿರದಲ್ಲಿದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದನ್ನು ಆವತ್ತೇ ನಿಲ್ಲಿಸಿ, ಸಂಪು ಖಾಲಿ ಮಾಡಿಸಿ ರಿಪೇರಿ ಮಾಡಿಸಿ.

ಸದ್ದಿಲ್ಲದೆ ಜಾಸ್ತಿ ನೀರು ಕುಡಿಯುವುದು ಫ್ಲಶ್ ಟ್ಯಾಂಕ್. ಕೇಸರಿಬಾತಿಗೆ ಹಾಕುವ ಬಣ್ಣ ಮನೆಯಲ್ಲಿ ಇರುತ್ತದಲ್ಲ, ಅದನ್ನು ಒಂದು ಚಿಟಿಕೆ ಫ್ಲಶ್ ಟ್ಯಾಂಕಿಗೆ ಹಾಕಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ತಳದ ರಬ್ಬರ್ ವಾಷರ್ ಹೋಗಿದೆ. ಸಣ್ಣ ಸಾಮಾನು, ಬೇಗ ಬದಲಿಸಬಹುದು. ನೀರು ಉಳಿಸಲು ಫ್ಲಶ್ ಟ್ಯಾಂಕಿಗೆ ಇಟ್ಟಿಗೆ ಹಾಕುವವರಿದ್ದಾರೆ. ಇಟ್ಟಿಗೆ ನೆನೆದು ಪುಡಿಯಾಗಿ ವಾಷರ್ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆಗ ಇಡೀ ದಿನ ಸೋರುತ್ತದೆ. ನೀರು ತುಂಬಿ ಮುಚ್ಚಳ ಹಾಕಿದ ಬಾಟಲಿ ಇಡಿ.

ನಲ್ಲಿ ತೊಟ್ಟಿಕ್ಕಿದರೆ ಇನ್ನೂ ಬಿಗಿಯಾಗಿ ತಿರುಗಿಸಿದರೆ ಸರಿ ಅನ್ನುವುದು ಇನ್ನೊಂದು ನಂಬಿಕೆ. ಹಳೇ ಥರದ, ಸುತ್ತು ಸುತ್ತು ತಿರುಗುವ ನಲ್ಲಿಯಲ್ಲಿ ರಬ್ಬರ್ ವಾಷರ್ ಸವೆದಿರುತ್ತದೆ. ಬಿಗಿದಷ್ಟೂ ವಾಷರ್ ಹರಿಯುತ್ತದೆ, ಅದು ಕೂರುವ ಹಿತ್ತಾಳೆ ಅಂಚೂ ಸವೆಯುತ್ತದೆ. ಆಮೇಲೆ ಹೊಸ ವಾಷರ್ ಹಾಕಿದರೂ ನಿಲ್ಲುವುದಿಲ್ಲ, ಇಡೀ ನಲ್ಲಿಯನ್ನೇ ಬದಲಿಸಬೇಕು. ವಾಲ್ವ್ ಮುಚ್ಚಿ, ತಲೆ ಬಿಚ್ಚಿ, ಹಳೇ ವಾಷರ್ ಅಂಗಡಿಗೆ ತನ್ನಿ. ಅಳತೆ ನೋಡಿ ಕೊಡುತ್ತೇವೆ. ಕಾಲು ಸುತ್ತು ತಿರುಗುವ ಹೊಸ ನಲ್ಲಿಗಳಲ್ಲಿ ವಾಷರ್ ಇಲ್ಲ, ಸೆರಾಮಿಕ್ ಬಿಲ್ಲೆ ಇರುವ ಕಾರ್ಟ್ರಿಡ್ಜ್ ಇದೆ. ಅದರಲ್ಲಿ ಮರಳು ಸಿಕ್ಕಿರಬಹುದು. ತೊಳೆದು ಹಾಕಿ ನೋಡಿ. ನಿಲ್ಲದಿದ್ದರೆ ಅದೇ ಕಂಪನಿಯ ಕಾರ್ಟ್ರಿಡ್ಜ್ ಬೇಕು. ನಲ್ಲಿಯ ಫೋಟೋ ತೆಗೆದುಕೊಂಡು ಬನ್ನಿ.

ಗೀಸರ್ ಕೆಳಗಿನ ಹನಿ

ಇದನ್ನು ದಯವಿಟ್ಟು ಪೂರ್ತಿ ಓದಿ.

ಸ್ಟೋರೇಜ್ ಗೀಸರ್‌ನ ತಣ್ಣೀರು ಬರುವ ಕಡೆ ಒಂದು ಸಣ್ಣ ವಾಲ್ವ್ ಇರುತ್ತದೆ. ನೀರು ಕಾಯುವಾಗ ಅದರಿಂದ ಹನಿ ಹನಿ ಬೀಳುತ್ತದೆ. ಜನ ಲೀಕ್ ಅಂದುಕೊಳ್ಳುತ್ತಾರೆ. ಲೀಕ್ ಅಲ್ಲ. ನೀರು ಕಾದಾಗ ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು ಮೂರನೇ ಒಂದು ಲೀಟರಿನಷ್ಟು ಹಿಗ್ಗುತ್ತದೆ. ನೀರು ಹಿಂದಕ್ಕೆ ಟ್ಯಾಂಕಿಗೆ ಹೋಗದಂತೆ ಅದೇ ವಾಲ್ವ್ ತಡೆಯುತ್ತದೆ. ನಲ್ಲಿಯೂ ಮುಚ್ಚಿರುತ್ತದೆ. ಹೆಚ್ಚಾದ ನೀರು ಹೊರಗೆ ಹೋಗಲು ಉಳಿದಿರುವುದು ಆ ಸಣ್ಣ ತೂತು ಒಂದೇ.

ಅದನ್ನು ಪ್ಲಗ್ ಹಾಕಿ, ಎಂ-ಸೀಲ್ ಹಾಕಿ, ಬೆಂಡು ತುರುಕಿ ಮುಚ್ಚುವವರನ್ನು ನೋಡಿದ್ದೇನೆ. ಆಗ ಪ್ರೆಷರ್ ಒಳಗೇ ಏರುತ್ತದೆ. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುತ್ತಲೇ ಹೋದರೆ ಗೀಸರ್ ಸಿಡಿಯುತ್ತದೆ. ಕೆಳಗೆ ಸ್ನಾನ ಮಾಡುತ್ತಿರುವುದು ನಿಮ್ಮ ಮನೆಯವರೇ. ಹಾಗಾಗಿ ಆ ಕೆಲಸಕ್ಕೆ ಪ್ಲಗ್ ಕೇಳಿದರೆ ನಮ್ಮ ಅಂಗಡಿಯಲ್ಲಿ ಕೊಡುವುದಿಲ್ಲ. ಹನಿ ತಲೆ ಮೇಲೆ ಬೀಳುತ್ತದೆ ಅಂತ ಬೇಜಾರಾದರೆ ಆ ತೂತಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ಮೋರಿಯ ಕಡೆ ಬಿಡಿ. ಪೈಪಿನ ಬಾಯಿ ತೆರೆದೇ ಇರಲಿ. ಗೀಸರ್ ಆಫ್ ಆಗಿ ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ವಾಲ್ವಿನಲ್ಲಿ ಕಸ ಸಿಕ್ಕಿದೆ. ವಾಲ್ವ್ ಬದಲಿಸಿ.

ಟಿಡಿಎಸ್ ಮೀಟರ್ ಮತ್ತು ಗಡಸು ನೀರು

ನಮ್ಮ ಕಡೆ ಬೋರ್‌ವೆಲ್ ನೀರನ್ನು ಉಪ್ಪು ನೀರು ಅನ್ನುತ್ತಾರೆ. ಬಕೆಟ್ ಬಿಳಿಯಾಗುತ್ತದೆ, ಕೂದಲು ಒರಟಾಗುತ್ತದೆ, ಗೀಸರ್ ಕಾಯಿಲ್ ಮೇಲೆ ಸುಣ್ಣದಂಥ ಪದರ ಕೂರುತ್ತದೆ. ಆಗ ಎಲ್ಲರೂ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನೋಡುತ್ತಾರೆ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸುತ್ತಾರೆ. ಮತ್ತೆ ಮೀಟರ್ ಅದ್ದುತ್ತಾರೆ. ಅಂಕಿ ಅಷ್ಟೇ ಇರುತ್ತದೆ. "ಮೋಸ ಮಾಡಿದರು" ಅಂತ ಕೂಗಾಡುತ್ತಾರೆ.

ಮೋಸ ಅಲ್ಲ. ಟಿಡಿಎಸ್ ಅಂದರೆ ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕ. ಗಡಸುತನ ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅನ್ನುವುದು ಮಾತ್ರ. ಸಾಫ್ಟ್‌ನರ್ ಈ ಎರಡನ್ನು ಹಿಡಿದಿಟ್ಟುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಒಟ್ಟು ಲೆಕ್ಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಆದರೆ ಪದರ ಕಟ್ಟುವುದು ನಿಲ್ಲುತ್ತದೆ. ಸಾಫ್ಟ್‌ನರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಹನಿ ಹಾಕುವ ಹಾರ್ಡ್‌ನೆಸ್ ಕಿಟ್ ಬೇಕು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಟಿಡಿಎಸ್‌ಗೆ ಅದೇ ಲೆಕ್ಕ 500 ಮತ್ತು 2000.

ಸಾಫ್ಟ್‌ನರ್‌ಗೆ ಆಗಾಗ ಉಪ್ಪು ಹಾಕಿ ತೊಳೆಯಲೇಬೇಕು. ಹಾಕದಿದ್ದರೆ ಅದು ಸುಮ್ನೆ ನಿಂತ ಡಬ್ಬ. ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದಿರುವವರು ಮನೆಯಲ್ಲಿದ್ದರೆ, ಆ ನೀರನ್ನು ಕುಡಿಯಲು ಕೊಡುವ ಮುಂಚೆ ಡಾಕ್ಟರನ್ನೇ ಕೇಳಿ. ಕಾವೇರಿ ನೀರು ಬೇರೆ ಲೈನಿನಲ್ಲಿ ಅಡುಗೆಮನೆಗೆ ಬರುತ್ತಿದ್ದರೆ ಅದನ್ನು ಬೋರ್‌ವೆಲ್ ಜೊತೆ ಒಂದೇ ಸಂಪಿನಲ್ಲಿ ಬೆರೆಸಬೇಡಿ. ಬೆರೆಸಿದರೆ ಒಳ್ಳೇ ನೀರೂ ಹೋಯಿತು.

ಸಿಂಕ್, ಆಸಿಡ್, ವಾಸನೆ

ಸಿಂಕ್ ಕಟ್ಟಿಕೊಂಡರೆ ಆಸಿಡ್ ಸುರಿಯುವುದು ನಮ್ಮ ಜನರ ಅಭ್ಯಾಸ. ಅಡುಗೆಮನೆ ಸಿಂಕಿನಲ್ಲಿ ಕಟ್ಟಿಕೊಳ್ಳುವುದು ಎಣ್ಣೆ ಜಿಡ್ಡು, ಅದಕ್ಕೆ ಅಂಟಿದ ಅನ್ನ, ದೋಸೆ ಹಿಟ್ಟು, ಕಾಫಿ ಚರಟ. ಆಸಿಡ್ ಜಿಡ್ಡನ್ನು ಕರಗಿಸುವುದಿಲ್ಲ. ನಲ್ಲಿಯ ಹೊಳಪು, ಟೈಲ್ಸ್ ಸಂದಿನ ಸಿಮೆಂಟು, ಸ್ಟೀಲ್ ಸಿಂಕು ಇವನ್ನು ತಿನ್ನುತ್ತದೆ. ಪ್ಯಾಕೆಟಿನಲ್ಲಿ ಬರುವ ಡ್ರೈನ್ ಪುಡಿಯಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಜಿಡ್ಡಿಗೆ ಕೆಲಸ ಮಾಡುತ್ತದೆ ನಿಜ. ಆದರೆ ಪೂರ್ತಿ ಕಟ್ಟಿಕೊಂಡ ಪೈಪಿನಲ್ಲಿ ಅದು ನಿಂತಲ್ಲೇ ನಿಂತು ಕಾಯುತ್ತದೆ, ಪಿವಿಸಿ ಮೆತ್ತಗಾಗುತ್ತದೆ. ಆಮೇಲೆ ಪೈಪ್ ಬಿಚ್ಚುವ ಪ್ಲಂಬರ್ ಮುಖಕ್ಕೆ ಹಾರುತ್ತದೆ. ನೀವು ಏನಾದರೂ ಸುರಿದಿದ್ದರೆ ಬಂದವರಿಗೆ ಮೊದಲೇ ಹೇಳಿ.

ಕಾಸ್ಟಿಕ್ ಹಾಕಿ ಅದರ ಮೇಲೆ ಆಸಿಡ್ ಹಾಕಿದರೆ ಕುದ್ದು ಚಿಮ್ಮುತ್ತದೆ. ಬ್ಲೀಚಿಂಗ್ ಪುಡಿ ಇರುವಲ್ಲಿ ಟಾಯ್ಲೆಟ್ ಆಸಿಡ್ ಹಾಕಿದರೆ ಕ್ಲೋರಿನ್ ಗಾಳಿ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶ ಸುಡುತ್ತದೆ. ಯಾವುದರ ಜೊತೆಗೂ ಯಾವುದನ್ನೂ ಬೆರೆಸಬೇಡಿ.

ಸರಿಯಾದ ದಾರಿ ಸುಲಭ. ಸಿಂಕ್ ಕೆಳಗೆ ಬಕೆಟ್ ಇಡಿ. ಸಿಂಕಿನ ಕೆಳಗೆ ಬಾಟಲಿಯಂತೆ ಇರುವ ಬಾಟಲ್ ಟ್ರ್ಯಾಪಿನ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಒಳಗಿನ ಕಸ ತೆಗೆದು ಸೋಪಿನ ನೀರಲ್ಲಿ ತೊಳೆಯಿರಿ. ರಬ್ಬರ್ ರಿಂಗ್ ಸರಿಯಾಗಿ ಕೂರಿಸಿ ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಮುಂದಿನ ಪೈಪಿನಲ್ಲಿದೆ. ರಬ್ಬರ್ ಪಂಪಿನಿಂದ ಒತ್ತಿ. ಒತ್ತುವಾಗ ಸಿಂಕಿನ ಮೇಲಿರುವ ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ತುರುಕಿ. ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತದೆ. ಇನ್ನು ಬಿಸಿನೀರು ಹಾಕಿದರೆ ಎಣ್ಣೆ ಕರಗಿ ಹೋಗುತ್ತದೆ ಅನ್ನುವ ಮಾತು. ಕರಗುತ್ತದೆ, ನಾಲ್ಕಡಿ ಮುಂದೆ ಹೋಗಿ ತಣ್ಣಗಾಗಿ ಮತ್ತೆ ಅಂಟುತ್ತದೆ. ಅಲ್ಲಿ ನಿಮ್ಮ ಕೈ ಹೋಗುವುದಿಲ್ಲ. ಬಾಣಲೆಯನ್ನು ತೊಳೆಯುವ ಮುಂಚೆ ಹಳೇ ಪೇಪರಿನಲ್ಲಿ ಒರೆಸಿ. ಕಾಫಿ ಚರಟವನ್ನು ಗಿಡಕ್ಕೆ ಹಾಕಿ.

ಬಾತ್‌ರೂಮ್ ವಾಸನೆಗೆ ಫಿನಾಯಿಲ್ ಮದ್ದಲ್ಲ. ನೆಲದ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಇದೆ. ಅದರಲ್ಲಿ ಯಾವಾಗಲೂ ಎರಡು ಇಂಚು ನೀರು ನಿಂತಿರಬೇಕು. ಚರಂಡಿಯ ಗಾಳಿಯನ್ನೂ ಜಿರಳೆಯನ್ನೂ ತಡೆಯುವುದು ಆ ನೀರೇ. ಬಳಸದ ಬಾತ್‌ರೂಮಿನಲ್ಲಿ ಬೇಸಿಗೆಗೆ ಅದು ಆರಿಹೋಗುತ್ತದೆ. ವಾರಕ್ಕೊಮ್ಮೆ ಎರಡು ಚೊಂಬು ನೀರು ಹಾಕಿ, ವಾಸನೆ ನಿಲ್ಲುತ್ತದೆ. ದಿನಾ ಬಳಸುವ ಕಡೆಯೂ ವಾಸನೆ ಬಂದು, ಫ್ಲಶ್ ಮಾಡಿದಾಗ ಗುಡುಗುಡು ಸದ್ದು ಬಂದರೆ, ತಾರಸಿಯಲ್ಲಿ ಚರಂಡಿ ಪೈಪಿಗೆ ಗಾಳಿ ಆಡಲು ಬಿಟ್ಟಿರುವ ವೆಂಟ್ ಪೈಪ್ ನೋಡಿ. ಮೇಲೆ ರೂಮ್ ಕಟ್ಟುವಾಗ ಅದನ್ನು ಮುಚ್ಚಿರುತ್ತಾರೆ. ಗಾಳಿ ಸಿಗದೆ, ಹರಿದು ಹೋಗುವ ನೀರು ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸೊಳ್ಳೆ ಬರುತ್ತದೆ ಅಂತ ಪೈಪ್ ಮುಚ್ಚಬೇಡಿ, ಬಾಯಿಗೆ ಪರದೆ ಕಟ್ಟಿ.

ಟೆಫ್ಲಾನ್ ಟೇಪ್ ಬಗ್ಗೆ ಎರಡೇ ಮಾತು. ಫಿಟ್ಟಿಂಗ್ ಬಿಗಿ ಮಾಡಲು ತಿರುಗಿಸುವ ದಿಕ್ಕಿನಲ್ಲೇ ಥ್ರೆಡ್ ಮೇಲೆ ಸುತ್ತಿ. ಜಾಸ್ತಿ ಸುತ್ತಿದರೆ ಜಾಸ್ತಿ ಗಟ್ಟಿ ಅಲ್ಲ, ಪ್ಲಾಸ್ಟಿಕ್ ಫಿಟ್ಟಿಂಗ್ ಸೀಳುತ್ತದೆ. ಬಿಸಿನೀರಿಗೂ ತಡೆಯುವ ಸಿಪಿವಿಸಿ ಪೈಪಿಗೆ ಅದರದೇ ಅಂಟು (ಸಾಲ್ವೆಂಟ್) ಬೇಕು, ಮತ್ತು ಅಂಟಿಸಿದ ಕೂಡಲೇ ನೀರು ಬಿಡಬಾರದು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ.

ಮಳೆಗಾಲದ ಚೇಂಬರ್

ಜೋರು ಮಳೆ ಬಂದಾಗ ಕೆಳಗಿನ ಮನೆಯ ಬಾತ್‌ರೂಮಿನಿಂದ ಕೊಳಚೆ ಉಕ್ಕಿದರೆ ಎಲ್ಲರೂ ಜಲಮಂಡಳಿಯನ್ನು ಬೈಯುತ್ತಾರೆ. ಮೊದಲು ನಿಮ್ಮ ತಾರಸಿಯ ಮಳೆನೀರಿನ ಪೈಪ್ ಎಲ್ಲಿಗೆ ಇಳಿದಿದೆ ನೋಡಿ. ಅದು ಒಳಚರಂಡಿ ಚೇಂಬರಿಗೆ ಇಳಿದಿದ್ದರೆ ಆವತ್ತೇ ಬೇರೆ ಮಾಡಿಸಿ. ಒಳಚರಂಡಿ ಪೈಪ್ ಹಾಕಿರುವುದು ಮನೆಯ ಕೊಳಚೆ ನೀರಿಗೆ ಮಾತ್ರ. ಒಂದು ರಸ್ತೆಯ ಹತ್ತು ಮನೆಗಳ ತಾರಸಿ ನೀರು ಅದಕ್ಕೆ ನುಗ್ಗಿದರೆ, ಇರುವುದರಲ್ಲಿ ತಗ್ಗಿನ ಮನೆಯಲ್ಲಿ ಉಕ್ಕುತ್ತದೆ. ಮಳೆನೀರನ್ನು ಸಂಪಿಗೋ ಇಂಗುಗುಂಡಿಗೋ ಬಿಡಿ. ಮಳೆನೀರು ಕೊಯ್ಲು 2009ರಿಂದಲೇ ನಮ್ಮಲ್ಲಿ ಕಡ್ಡಾಯ ಇದೆ. ಹೇಗೆ ಮಾಡುವುದು ಅಂತ ಗೊತ್ತಾಗದಿದ್ದರೆ ಜಯನಗರದಲ್ಲಿ ಜಲಮಂಡಳಿಯದೇ ಮಳೆನೀರು ಕೊಯ್ಲು ಪಾರ್ಕ್ ಇದೆ, ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನಲ್ಲಿ. ಅಲ್ಲಿ ಕಣ್ಣಾರೆ ನೋಡಬಹುದು. ತಗ್ಗಿನಲ್ಲಿರುವ ಮನೆಯವರು ಹೊರಹೋಗುವ ಪೈಪಿಗೆ ಕೊಳಚೆ ವಾಪಸ್ ಬಾರದ ವಾಲ್ವ್ ಹಾಕಿಸಿಕೊಳ್ಳಿ, ಮಳೆಗಾಲದ ಮುಂಚೆ ಅದನ್ನು ತೊಳೆಸಿ.

ಚೇಂಬರ್ ಕಟ್ಟಿಕೊಂಡಾಗ ಯಾರನ್ನೋ ಕರೆತಂದು, ಐನೂರು ಕೊಡ್ತೀನಿ ಇಳಿಯಪ್ಪಾ ಅನ್ನುವವರು ಇವತ್ತಿಗೂ ಇದ್ದಾರೆ. ಮುಚ್ಚಿದ ಗುಂಡಿಯಲ್ಲಿ ವಿಷದ ಗಾಳಿ ಇರುತ್ತದೆ. ಇಳಿದವರು ಒಂದೆರಡು ಉಸಿರಿನಲ್ಲೇ ಬೀಳುತ್ತಾರೆ. ಎತ್ತಲು ಇಳಿದವರೂ ಬೀಳುತ್ತಾರೆ. ಕೈಯಿಂದ ಮಲ ಬಾಚುವ ಕೆಲಸ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಇದು ಅಪರಾಧ, ಇಳಿಸಿದ ಮನೆಯವರೂ ಹೊಣೆ. ಮೇಲೆ ನಿಂತು ಬಿದಿರಿನ ದಬ್ಬೆಯಲ್ಲೋ ಕಂಬಿಯಲ್ಲೋ ಬಿಡಿಸಲು ಆಗದಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಜೋರಾಗಿ ನೀರು ಚಿಮ್ಮಿಸಿ ಬಿಡಿಸುವ ಜೆಟ್ಟಿಂಗ್ ಗಾಡಿ ಬರುತ್ತದೆ. ಬರುವವರೆಗೆ ಮೇಲಿನ ಮನೆಯವರಿಗೆಲ್ಲ ಫ್ಲಶ್, ವಾಷಿಂಗ್ ಮೆಷಿನ್ ನಿಲ್ಲಿಸಲು ಹೇಳಿ. ಫೋನ್ ಮಾಡುವಾಗ ನೀರಿನ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.